ಫಾರಂ ಕೋಳಿಯ ಗುಟ್ಟು ಸೂಜಿಯಲ್ಲಿಲ್ಲ, ಬೀಜದಲ್ಲಿದೆ

ಭಾನುವಾರ ಹುಬ್ಬಳ್ಳಿಯ ಯಾವ ಚಿಕನ್ ಅಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: “ಫಾರಂ ಕೋಳಿ ಬ್ಯಾಡ್ರೀ, ಇಂಜೆಕ್ಷನ್ ಕೊಟ್ಟು ಉಬ್ಬಿಸಿರ್ತಾರ.” 40 ದಿನಕ್ಕೆ 2 ಕಿಲೋ ತೂಗುವ ಕೋಳಿ ಕಂಡರೆ ಸಂಶಯ ಸಹಜ. ಹಿತ್ತಲಿನ ಜವಾರಿ ಕೋಳಿಗೆ ಐದಾರು ತಿಂಗಳಾದರೂ ಆ ತೂಕ ಬರುವುದು ಕಷ್ಟ. ಆದರೂ ಈ ಸುಳ್ಳು ಕೇಳಿದಾಗಲೆಲ್ಲ ನನಗೆ ಸುಮ್ಮನಿರಲಾಗುವುದಿಲ್ಲ. ಆ ಇಂಜೆಕ್ಷನ್ನಿನಲ್ಲಿ ಇರುತ್ತದೆಂದು ಜನ ಹೇಳುವ ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಮೇವಿನಲ್ಲಿ ಬೆರೆಸಿದರೆ ತೊಗರಿಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ. ಚುಚ್ಚಬೇಕೆಂದರೆ ಶೆಡ್ಡಿನ ಸಾವಿರಾರು ಕೋಳಿಗಳನ್ನು ಮತ್ತೆ ಮತ್ತೆ ಹಿಡಿಯಬೇಕು. ಆ ಕೂಲಿಯಲ್ಲೇ ಲಾಭ ಮುಳುಗುತ್ತದೆ.

ನಮ್ಮ ಸೀಮೆಯ ರೈತ ರಾಶಿಗೆ ಮೊದಲು ತುಂಬಿದ ಜೋಳದ ತೆನೆಗಳನ್ನು ಬೀಜಕ್ಕೆಂದು ಎತ್ತಿಡುತ್ತಾನಲ್ಲ, ಕೋಳಿಯಲ್ಲೂ ಆದದ್ದು ಅದೇ. ಬೇಗ ಬೆಳೆದವುಗಳ ಮೊಟ್ಟೆಯನ್ನಷ್ಟೇ ಮರಿ ಮಾಡಿಸಿದರು, ಆ ಮರಿಗಳಲ್ಲೂ ಮತ್ತೆ ಆರಿಸಿದರು. ಒಂದು ತಲೆಮಾರಿಗೆ ಕೂಡುವುದು ಚೂರೇ ಚೂರು. ಆದರೆ ಇದು ಚಕ್ರಬಡ್ಡಿ, ಗಳಿಸಿದ್ದರ ಮೇಲೆ ಗಳಿಕೆ. ಜಾತ್ರೆಯ ಕುಸ್ತಿಯಲ್ಲಿ ಗೆದ್ದವರನ್ನೇ ಮತ್ತೆ ಮತ್ತೆ ಅಖಾಡಕ್ಕೆ ಇಳಿಸಿದ ಹಾಗೆ.

1948ರಲ್ಲಿ ಅಮೆರಿಕದಲ್ಲಿ “ನಾಳೆಯ ಕೋಳಿ” ಎಂಬ ಸ್ಪರ್ಧೆಯೇ ನಡೆಯಿತು. ಹಲವು ತಳಿಗಾರರು ಕಳಿಸಿದ ಮೊಟ್ಟೆಗಳನ್ನು ಒಂದೇ ಕಡೆ ಮರಿ ಮಾಡಿಸಿ, ಒಂದೇ ಮೇವು ಹಾಕಿ ಬೆಳೆಸಿ ತೂಗಿದರು. ಗೆದ್ದದ್ದು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳ ಮಿಶ್ರಣ.

ಮುಂದೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಮೇವಿನಲ್ಲಿ ಸಾಕಿ ನೋಡಿದರು. 56 ದಿನಕ್ಕೆ ಹಳೆಯದು 905 ಗ್ರಾಂ, ಹೊಸದು 4.2 ಕಿಲೋ! ಹಾಕಿದ ಕಾಳು ಒಂದೇ, ಬೇರೆಯಾದದ್ದು ಬೀಜ. ಹಾವೇರಿ ಕಡೆ ಬೆಳೆಯುವ ಗೋವಿನಜೋಳ, ಸೋಯಾ ಹಿಂಡಿ ಇವೇ ಇಂದಿನ ಕೋಳಿ ಮೇವಿನ ಮುಖ್ಯ ಭಾಗ.

ಇದಕ್ಕೆ ಬೆಲೆ ತೆರುವುದು ಕೋಳಿಯೇ. ಎದೆಯ ಮಾಂಸದ ಓಟಕ್ಕೆ ಹೃದಯ, ಕಾಲು ಸರಿಸಾಟಿಯಾಗದೆ ಕೆಲವು ಕುಂಟುತ್ತವೆ, ಕೆಲವಕ್ಕೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಭಯಪಡಬೇಕಾದ್ದೂ ಒಂದಿದೆ, ಆಂಟಿಬಯಾಟಿಕ್‌ಗಳ ಬೇಕಾಬಿಟ್ಟಿ ಬಳಕೆ. ಅದರಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು. ಇಲ್ಲದ ಹಾರ್ಮೋನಿನ ಮಾತಿನಲ್ಲಿ ಈ ಸಂಗತಿ ಮರೆಯಾಗುತ್ತದೆ.

ಫಾರಂ ಮರಿಯನ್ನು ಹಿತ್ತಲಿಗೆ ಬಿಟ್ಟರೆ ಜವಾರಿಯಾದೀತೆ? ಆಗದು. ಅದು ಕಾಳಿನ ತಟ್ಟೆಯ ಪಕ್ಕವೇ ಕೂರುತ್ತದೆ. ಹಿತ್ತಲಲ್ಲೂ ಆಯ್ಕೆ ನಡೆದೇ ಇದೆ. ಅಲ್ಲಿ ಆರಿಸಿದವರು ಹದ್ದು, ಮುಂಗುಸಿ, ಕೋಳಿಗಳಿಗೆ ಬರುವ ಕೊಕ್ಕರೆ ರೋಗ (ರಾಣಿಖೇತ್). ತಿಪ್ಪೆ ಕೆದರಿ ಹುಳ ಹುಡುಕುವ ಜವಾರಿ ಹೇಂಟೆ, ಆಕಾಶದಲ್ಲೊಂದು ನೆರಳು ಸರಿದರೆ ಸಾಕು, ಕೊರಳಲ್ಲೇ ಸದ್ದು ಮಾಡಿ ಮರಿಗಳನ್ನೆಲ್ಲ ರೆಕ್ಕೆಯಡಿ ಎಳೆದುಕೊಳ್ಳುತ್ತದೆ.