ಫಾಸ್ಟರ್ ಕೇರ್ ಮಗುವಿನ ಸೋಷಿಯಲ್ ಸೆಕ್ಯುರಿಟಿ ಹಣ: ಯಾರ ಕೈಗೆ, ಯಾವ ಖರ್ಚಿಗೆ?

ಅಮೆರಿಕದಲ್ಲಿ ಸೋಷಿಯಲ್ ವರ್ಕ್ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಫಾಸ್ಟರ್ ಕೇರ್‌ನಲ್ಲಿರುವ, ಅಂದರೆ ಸ್ವಂತ ಮನೆಯಲ್ಲಿ ಇರಲಾಗದೆ ಸರ್ಕಾರದ ಸುಪರ್ದಿಯಲ್ಲಿ ಬೆಳೆಯುತ್ತಿರುವ, ಮಗುವಿನ ಫೈಲ್ ಕೈಗೆ ಬಂದರೆ, ಅದರ ಹೆಸರಿಗೆ ಸರ್ಕಾರದಿಂದ ಹಣ ಬರುತ್ತಿದೆಯಾ, ಬರುತ್ತಿದ್ದರೆ ಎಲ್ಲಿ ಹೋಗುತ್ತಿದೆ ಅಂತ ಮೊದಲು ನೋಡಿ.

ಹಣದಲ್ಲಿ ಮುಖ್ಯವಾಗಿ ಎರಡು ಬಗೆ. ದುಡಿದು ಸೋಷಿಯಲ್ ಸೆಕ್ಯುರಿಟಿ (ಕೇಂದ್ರ ಸರ್ಕಾರದ ಪಿಂಚಣಿ-ವಿಮೆ ಯೋಜನೆ) ತೆರಿಗೆ ಕಟ್ಟಿದ್ದ ಅಪ್ಪನೋ ಅಮ್ಮನೋ ತೀರಿಕೊಂಡಿದ್ದರೆ ಮಗುವಿಗೆ ಸರ್ವೈವರ್ ಬೆನಿಫಿಟ್ ಸಿಗುತ್ತದೆ. ತೀರಿಕೊಂಡವರ ದುಡಿಮೆಯ ಮೇಲೆ ಲೆಕ್ಕ ಹಾಕಿದ ಮೂಲ ಬೆನಿಫಿಟ್ ಮೊತ್ತದ ಶೇ. 75ರವರೆಗೆ. ಸಾಮಾನ್ಯವಾಗಿ 18 ತುಂಬುವವರೆಗೆ, ಹೈಸ್ಕೂಲ್ ಮುಗಿದಿರದಿದ್ದರೆ 19ರವರೆಗೆ. ಇನ್ನೊಂದು ಎಸ್‌ಎಸ್‌ಐ (ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್). ಇದು ತೀವ್ರ ಅಂಗವೈಕಲ್ಯ ಇರುವ, ಆದಾಯ ಮತ್ತು ಆಸ್ತಿ ತೀರಾ ಕಡಿಮೆ ಇರುವ ಮಗುವಿಗೆ. 2025ರಲ್ಲಿ ಕೇಂದ್ರ ಸರ್ಕಾರ ಕೊಡುವ ಗರಿಷ್ಠ ಮೊತ್ತ ತಿಂಗಳಿಗೆ 967 ಡಾಲರ್. ಸರ್ವೈವರ್ ಬೆನಿಫಿಟ್‌ಗೆ ಆಸ್ತಿಯ ಮಿತಿ ಇಲ್ಲ. ಎಸ್‌ಎಸ್‌ಐಗೆ 2000 ಡಾಲರ್ ಮಿತಿ, 1989ರಿಂದ ಏರಿಲ್ಲ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

18ರೊಳಗಿನ ಮಗುವಿನ ಹಣವನ್ನು ಸಾಮಾನ್ಯವಾಗಿ ಇನ್ನೊಬ್ಬರ ಕೈಗೆ ಕೊಡುತ್ತಾರೆ. ಅವರೇ ರೆಪ್ರೆಸೆಂಟೇಟಿವ್ ಪೇಯೀ. ಅಪ್ಪ ಅಮ್ಮ, ಗಾರ್ಡಿಯನ್, ನೆಂಟರು ಅಂತ ಆದ್ಯತೆಯ ಪಟ್ಟಿ ನಿಯಮದಲ್ಲೇ ಇದೆ. ಸಂಸ್ಥೆಗಳು ಬರುವುದು ಪಟ್ಟಿಯ ಕೊನೆಯಲ್ಲಿ. ಆದರೂ ಫಾಸ್ಟರ್ ಕೇರ್ ಮಕ್ಕಳಿಗೆ ಎಷ್ಟೋ ಸಲ ರಾಜ್ಯದ ಮಕ್ಕಳ ಇಲಾಖೆಯೇ ಪೇಯೀ ಆಗುತ್ತದೆ. ಪೇಯೀ ಯಾರು ಅಂತ ತಿಳಿಸುವ ಪತ್ರ ಹೋಗುವುದು ಮಗುವಿನ ಗಾರ್ಡಿಯನ್‌ಗೆ. ಆ ಗಾರ್ಡಿಯನ್ ಕೂಡ ಇಲಾಖೆಯೇ ಆಗಿದ್ದರೆ, ತನ್ನ ಹೆಸರಲ್ಲಿ ಹಣ ಬರುತ್ತಿದೆ ಅನ್ನೋದು ಮಗುವಿಗೆ ಗೊತ್ತಾಗುವುದು ಹೇಗೆ?

ಪೇಯೀ ಮೊದಲು ಮಗುವಿನ ಈಗಿನ ಅಗತ್ಯ ನೋಡಬೇಕು: ಊಟ, ಬಟ್ಟೆ, ವಸತಿ, ಔಷಧ, ಸ್ವಂತದ ಸಣ್ಣಪುಟ್ಟ ಖರ್ಚು. ಉಳಿದದ್ದನ್ನು ಮಗುವಿನದೇ ಹಣ ಅಂತ ತೋರಿಸುವ ಖಾತೆಯಲ್ಲಿ ಬಡ್ಡಿ ಬರುವ ಹಾಗೆ ಇಡಬೇಕು. ಕೇಳಿದಾಗ ಲೆಕ್ಕ ಒಪ್ಪಿಸಬೇಕು.

ತೊಡಕು ಇರುವುದು ‘ಈಗಿನ ಅಗತ್ಯ’ದಲ್ಲಿ. ಮಗುವಿನ ಊಟ ವಸತಿಗೆ ಇಲಾಖೆ ಹೇಗೂ ಖರ್ಚು ಮಾಡುತ್ತದೆ. ಎಷ್ಟೋ ಸಲ ಆ ಖರ್ಚಿಗೆ ಮಗುವಿನ ಬೆನಿಫಿಟ್ ಹಣವನ್ನೇ ಜಮಾ ಮಾಡಿಕೊಳ್ಳುತ್ತದೆ. ವಾಷಿಂಗ್ಟನ್ ರಾಜ್ಯದ ಇಲಾಖೆ ಹೀಗೆ ಮಾಡಿದ್ದು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2003ರಲ್ಲಿ ನ್ಯಾಯಾಧೀಶರೆಲ್ಲ ಒಮ್ಮತದಿಂದ, ಇದು ಸಾಲ ಕೊಟ್ಟವರು ಜಪ್ತಿ ಮಾಡುವಂಥ ಕ್ರಮ ಅಲ್ಲ, ಕಾನೂನಿನ ಪ್ರಕಾರ ತಪ್ಪಿಲ್ಲ ಅಂದರು. ತೀರ್ಪು ಬರೆದವರು ಡೇವಿಡ್ ಸೌಟರ್.

ಆದರೆ ಒಂದೇ ಫಾಸ್ಟರ್ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ ಅಂದುಕೊಳ್ಳಿ. ಒಬ್ಬನ ಅಪ್ಪ ಜೈಲಿನಲ್ಲಿ, ಇನ್ನೊಬ್ಬಳ ಅಪ್ಪ ತೀರಿಕೊಂಡಿದ್ದಾರೆ. ಹುಡುಗನ ಖರ್ಚು ಸರ್ಕಾರದ್ದು. ಹುಡುಗಿ ಮಾತ್ರ ಅಪ್ಪ ದುಡಿದು ಬಿಟ್ಟುಹೋದ ಹಣದಿಂದ ತನ್ನ ಊಟದ ಖರ್ಚು ತಾನೇ ಕೊಡುತ್ತಿದ್ದಾಳೆ. ಕೋರ್ಟ್ ಒಪ್ಪಿರಬಹುದು. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ಮೇರಿಲ್ಯಾಂಡ್ 2018ರಲ್ಲಿ ಇದಕ್ಕೆ ಕಾನೂನು ತಂದಿತು. ಇಲಾಖೆ ಪೇಯೀ ಆಗಿದ್ದರೆ 14 ತುಂಬಿದ ಮೇಲೆ ಕನಿಷ್ಠ ಶೇ. 40, 16ರಿಂದ ಶೇ. 80, 18ರಿಂದ ಪೂರ್ತಿ ಹಣವನ್ನು ಮಗುವಿಗಾಗಿ ಉಳಿಸಬೇಕು. ಆ ಹುಡುಗಿಗೆ ತಿಂಗಳಿಗೆ 800 ಡಾಲರ್ ಬರುತ್ತದೆ ಅಂತಿಟ್ಟುಕೊಂಡು ಲೆಕ್ಕ ಹಾಕಿ. ಮೊದಲ ಎರಡು ವರ್ಷ ತಿಂಗಳಿಗೆ 320, ಒಟ್ಟು 7,680. ಮುಂದಿನ ಎರಡು ವರ್ಷ 640ರಂತೆ 15,360. 18ಕ್ಕೆ ಅವಳ ಕೈಯಲ್ಲಿ 23,040 ಡಾಲರ್, ಬಡ್ಡಿ ಬೇರೆ. ಉಳಿಸದಿದ್ದರೆ ಸೊನ್ನೆ. ಬಾಡಿಗೆ ಮನೆಯ ಅಡ್ವಾನ್ಸ್‌ಗೂ ಕಾಸಿಲ್ಲದೆ ಹೊರಗೆ ಬರಬೇಕು.

ಎಸ್‌ಎಸ್‌ಐ ಆದರೆ ಸುಮ್ನೆ ಉಳಿಸಿಟ್ಟರೆ ಪೆಟ್ಟು ಬೀಳುತ್ತದೆ. 967ರಲ್ಲಿ ಶೇ. 40 ಅಂದರೆ ಸುಮಾರು 387. ಆರನೇ ತಿಂಗಳಿಗೇ ಉಳಿತಾಯ 2000 ದಾಟಿ ಬೆನಿಫಿಟ್ ನಿಲ್ಲುತ್ತದೆ. ಅದಕ್ಕೇ ಏಬಲ್ ಖಾತೆ, ಅಂದರೆ ಅಂಗವೈಕಲ್ಯ ಇರುವವರಿಗೆಂದೇ ಇರುವ ಉಳಿತಾಯ ಖಾತೆ, ಬೇಕು. 2014ರ ಕಾನೂನಿನಿಂದ ಬಂದದ್ದು. ಇದರಲ್ಲಿ 1,00,000 ಡಾಲರ್‌ವರೆಗೆ ಇದ್ದರೂ ಎಸ್‌ಎಸ್‌ಐ ಆಸ್ತಿ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಮೊತ್ತದ ಹಿಂಬಾಕಿ ಒಟ್ಟಿಗೆ ಬಂದರೆ ಬೇರೆ ನಿಯಮ. ಆರು ತಿಂಗಳ ಗರಿಷ್ಠ ಮೊತ್ತಕ್ಕಿಂತ ಜಾಸ್ತಿ ಇದ್ದರೆ ಅದು ಡೆಡಿಕೇಟೆಡ್ ಅಕೌಂಟ್ ಅನ್ನುವ ಪ್ರತ್ಯೇಕ ಖಾತೆಗೆ ಹೋಗಬೇಕು. ಚಿಕಿತ್ಸೆ, ಓದು, ಥೆರಪಿ, ವೀಲ್‌ಚೇರ್‌ನಂಥ ಸಲಕರಣೆಗೆ ಅದನ್ನು ಬಳಸಬಹುದು. ದಿನನಿತ್ಯದ ಊಟ ಬಟ್ಟೆಗೆ ಮುಟ್ಟುವಂತಿಲ್ಲ.

ಎಸ್‌ಎಸ್‌ಐ ಪಡೆಯುತ್ತಿರುವ ಮಗುವಿಗೆ 18 ತುಂಬಿದಾಗ ದೊಡ್ಡವರ ಮಾನದಂಡದಲ್ಲಿ ಮತ್ತೆ ಪರಿಶೀಲನೆ ನಡೆಯುತ್ತದೆ. ಇನ್ನೂ ಎಸ್‌ಎಸ್‌ಐ ಸಿಗದೆ ಫಾಸ್ಟರ್ ಕೇರ್ ಬಿಟ್ಟು ಹೊರಡುವವರು 180 ದಿನ ಮೊದಲೇ ಅದಕ್ಕೆ ಅರ್ಜಿ ಹಾಕಬಹುದು, ಆದ್ದರಿಂದ 17 ದಾಟುತ್ತಿದ್ದಂತೆ ವೈದ್ಯಕೀಯ ದಾಖಲೆ ಜೋಡಿಸಲು ಶುರುಮಾಡಿ. ಪೇಯೀ ಬದಲಾದರೆ ಉಳಿಸಿದ ಹಣವನ್ನು ಹಳೆಯ ಪೇಯೀ ಇಟ್ಟುಕೊಳ್ಳುವಂತಿಲ್ಲ. ಸೋಷಿಯಲ್ ಸೆಕ್ಯುರಿಟಿ ಕಚೇರಿ ಹೇಳಿದ ಹಾಗೆ ಹೊಸ ಪೇಯೀಗೋ, ನೇರ ಆ ಯುವಕ ಯುವತಿಗೋ, ಇಲ್ಲವೇ ಕಚೇರಿಗೋ ಕೊಡಬೇಕು. ಆ ಬ್ಯಾಲೆನ್ಸ್ ಎಷ್ಟಿದೆ ಅಂತ ಬರಹದಲ್ಲಿ ಕೇಳಿ ಪಡೆದುಕೊಳ್ಳಿ.