ಕ್ಲಿಕ್ಕಿಗೆ ಕೊಡುವ ಕಾಸು ಎಲ್ಲಿ ಸೋರುತ್ತದೆ: ಸರ್ಚ್ ಜಾಹೀರಾತಿನ ಅಧ್ಯಯನ ಟಿಪ್ಪಣಿ

ಗೂಗಲ್ ಸರ್ಚ್ ಜಾಹೀರಾತು ಕಲಿಯೋಕೆ ಶುರು ಮಾಡಿದವರೆಲ್ಲ ಮೊದಲು ಕೇಳುವುದು ಇದನ್ನೇ: ‘ಒಂದು ಕ್ಲಿಕ್ಕಿಗೆ ಎಷ್ಟು ಬಿಡ್ ಹಾಕಬೇಕು?’ ಬಿಡ್ ಅಂದರೆ ಒಂದು ಕ್ಲಿಕ್ಕಿಗೆ ಹೆಚ್ಚೆಂದರೆ ಇಷ್ಟು ಕೊಡುತ್ತೇವೆ ಅಂತ ನಾವು ಹೇಳುವ ಮೊತ್ತ. ಆ ಪ್ರಶ್ನೆ ಕೊನೆಗೆ ಬರಲಿ ಎನ್ನುವುದು ನನ್ನ ಅಭಿಪ್ರಾಯ. ಸಣ್ಣ ಅಂಗಡಿಯವರ ದುಡ್ಡು ಹೆಚ್ಚಾಗಿ ಪೋಲಾಗುವುದು ಬಿಡ್ ಜಾಸ್ತಿ ಆಗಿದ್ದಕ್ಕಲ್ಲ. ನಮಗೆ ಸಂಬಂಧವೇ ಇಲ್ಲದ ಹುಡುಕಾಟಕ್ಕೆ ನಮ್ಮ ಜಾಹೀರಾತು ಕಾಣಿಸಿಕೊಂಡಿದ್ದಕ್ಕೆ. ಜನ ಏನು ಟೈಪ್ ಮಾಡಿ ನಮ್ಮ ಹತ್ತಿರ ಬಂದರು ಅಂತ ಓದುವ ಅಭ್ಯಾಸ ಬಂದರೆ ಅರ್ಧ ಕೆಲಸ ಮುಗಿದಂತೆ.

ಟಿಪ್ಪಣಿಯ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಚಿತ್ರದುರ್ಗದಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ, ರೀವೈಂಡಿಂಗ್ ಮಾಡುವ ಒಂದು ಅಂಗಡಿ. ಅಂಗಡಿ ಕಲ್ಪನೆಯದು, ಕೆಳಗೆ ಬರುವ ರೂಪಾಯಿ ಲೆಕ್ಕಗಳೂ ಅರ್ಥ ಮಾಡಿಕೊಳ್ಳೋಕೆ ಹಾಕಿದವು. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮದು ಮಳೆ ಕಡಿಮೆ ಇರುವ ಕಡೆ. ಅಡಿಕೆ, ದಾಳಿಂಬೆ, ಈರುಳ್ಳಿ ಬೆಳೆಯುವ ಎಷ್ಟೋ ಹೊಲಗಳು ಬೋರಿನ ಮೇಲೇ ನಿಂತಿವೆ. ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಸ್ಟಾರ್ಟ್ ಆಗಲಿಲ್ಲ ಅಂದರೆ ರೈತ ಕಾಯುವ ಹಾಗಿಲ್ಲ. ಫೋನ್ ತೆಗೆದು ಹುಡುಕುತ್ತಾನೆ, ಸಿಕ್ಕವರಿಗೆ ಕರೆ ಮಾಡುತ್ತಾನೆ. ಸರ್ಚ್ ಜಾಹೀರಾತಿನ ಶಕ್ತಿ ಇಲ್ಲಿದೆ. ಬೇಡಿಕೆಯನ್ನು ನಾವು ಹುಟ್ಟಿಸಬೇಕಾಗಿಲ್ಲ. ಅದು ಆಗಲೇ ಇದೆ, ಎದುರಿಗೆ ಸರಿಯಾದ ಹೊತ್ತಿಗೆ ನಿಂತರೆ ಸಾಕು.

ಹರಾಜು ಹೇಗೆ ನಡೆಯುತ್ತದೆ

ಹುಡುಕಾಟದ ಫಲಿತಾಂಶದಲ್ಲಿ ಜಾಗವನ್ನು ಹರಾಜಿಗಿಟ್ಟು, ಕ್ಲಿಕ್ ಆದರೆ ಮಾತ್ರ ದುಡ್ಡು ತೆಗೆದುಕೊಳ್ಳುವ ಪದ್ಧತಿಯನ್ನು 1998ರಲ್ಲಿ ಗೋಟು ಡಾಟ್ ಕಾಮ್ ಎಂಬ ಅಮೆರಿಕದ ಕಂಪನಿ ಚಾಲ್ತಿಗೆ ತಂದಿತು. ಅಲ್ಲಿ ಲೆಕ್ಕ ನೇರ: ಯಾರು ಜಾಸ್ತಿ ಕೊಡುತ್ತಾರೋ ಅವರೇ ಮೇಲೆ. ಗೂಗಲ್ 2000ದಲ್ಲಿ ಆಡ್‌ವರ್ಡ್ಸ್ ಶುರು ಮಾಡಿತು, 2002ರಲ್ಲಿ ಕ್ಲಿಕ್ ಹರಾಜಿಗೆ ಬಂತು. ಬರುವಾಗ ಒಂದು ಬದಲಾವಣೆ ತಂದಿತು. ಬಿಡ್ ಒಂದನ್ನೇ ನೋಡದೆ, ಜನ ಆ ಜಾಹೀರಾತನ್ನು ಎಷ್ಟು ಕ್ಲಿಕ್ ಮಾಡುತ್ತಾರೆ ಎನ್ನುವುದನ್ನೂ ಸೇರಿಸಿತು. 2018ರಲ್ಲಿ ಹೆಸರು ಗೂಗಲ್ ಆಡ್ಸ್ ಆಯಿತು, ಆ ತತ್ವ ಮಾತ್ರ ಇವತ್ತಿಗೂ ಉಳಿದಿದೆ.

ಸರಳ ಮಾಡಿ ಹೇಳುವುದಾದರೆ, ಜಾಗ ನಿರ್ಧಾರ ಆಗುವುದು ಬಿಡ್ ಮತ್ತು ಗುಣಮಟ್ಟ ಎರಡೂ ಸೇರಿ. ಒಂದು ಅಂಗಡಿ 20 ರೂಪಾಯಿ ಬಿಡ್ ಹಾಕಿದೆ, ಅದರ ಗುಣಮಟ್ಟ 4 ಅಂದುಕೊಳ್ಳಿ. ಗುಣಿಸಿದರೆ 80. ನಮ್ಮದು 12 ರೂಪಾಯಿ, ಗುಣಮಟ್ಟ 8. ಗುಣಿಸಿದರೆ 96. ನಾವು ಮೇಲೆ. ಕೊಡಬೇಕಾದದ್ದು 12 ಕೂಡ ಅಲ್ಲ. ಕೆಳಗಿನವರನ್ನು ದಾಟೋಕೆ ಬೇಕಾದಷ್ಟೇ, ಅಂದರೆ 80ನ್ನು 8ರಿಂದ ಭಾಗಿಸಿ ಬರುವ 10 ರೂಪಾಯಿಯ ಆಸುಪಾಸು. ನಿಜವಾದ ಹರಾಜಿನಲ್ಲಿ ಇನ್ನೂ ಹಲವು ಅಂಶ ಬರುತ್ತವೆ: ಹುಡುಕುವವರು ಎಲ್ಲಿದ್ದಾರೆ, ಯಾವ ಫೋನು, ಯಾವ ಹೊತ್ತು, ಹುಡುಕಿದ ಮಾತಿನ ಅರ್ಥ, ಕನಿಷ್ಠ ಎಷ್ಟು ಇರಬೇಕೆಂಬ ಮಿತಿ. ಆದರೂ ಗುಣಮಟ್ಟ ಏರಿದರೆ ಕ್ಲಿಕ್ಕಿನ ಬೆಲೆ ಇಳಿಯಬಹುದು ಎನ್ನುವುದು ಈ ಲೆಕ್ಕದಿಂದ ತಿಳಿಯುತ್ತದೆ.

ಒಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಖಾತೆಯಲ್ಲಿ 1ರಿಂದ 10ರವರೆಗೆ ಕ್ವಾಲಿಟಿ ಸ್ಕೋರ್ ಅಂತ ಕಾಣುತ್ತಲ್ಲ, ಆ ಅಂಕಿಯನ್ನು ಹರಾಜಿನಲ್ಲಿ ನೇರವಾಗಿ ಬಳಸುವುದಿಲ್ಲ. ಅದು ನಮಗೆ ಸೂಚನೆ ಕೊಡೋಕೆ ಇಟ್ಟದ್ದು. ಆದ್ದರಿಂದ ಅಂಕಿಗಿಂತ ಅದರ ಕೆಳಗಿನ ಮೂರು ಭಾಗ ನೋಡಿ: ಕ್ಲಿಕ್ ಆಗುವ ನಿರೀಕ್ಷೆ, ಹುಡುಕಾಟಕ್ಕೂ ಜಾಹೀರಾತಿಗೂ ಇರುವ ಹೊಂದಾಣಿಕೆ, ಕ್ಲಿಕ್ ಮಾಡಿದ ಮೇಲೆ ತೆರೆಯುವ ಪುಟದ ಅನುಭವ. ಯಾವುದರ ಮುಂದೆ ‘ಸರಾಸರಿಗಿಂತ ಕಡಿಮೆ’ ಅಂತಿದೆಯೋ ಅದೇ ಇವತ್ತಿನ ಕೆಲಸ.

ಹುಡುಕಿದ ಪದಗಳನ್ನು ಓದುವುದು

ಕೀವರ್ಡ್ ಬೇರೆ, ಹುಡುಕಿದ ಪದ ಬೇರೆ. ಕೀವರ್ಡ್ ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ತೋರಬೇಕು ಅಂತ ನಾವು ಹಾಕಿದ್ದು. ಹುಡುಕಿದ ಪದ ಜನ ನಿಜವಾಗಿ ಟೈಪ್ ಮಾಡಿದ್ದು, ಅಥವಾ ಫೋನಿಗೆ ಬಾಯಲ್ಲಿ ಹೇಳಿದ್ದು. ಖಾತೆಯಲ್ಲಿ ಸರ್ಚ್ ಟರ್ಮ್ಸ್ ಎಂಬ ವರದಿ ಇದೆ. ಎಲ್ಲ ಪದಗಳೂ ಅಲ್ಲಿ ಕಾಣುವುದಿಲ್ಲ, ಕಡಿಮೆ ಜನ ಹುಡುಕಿದ್ದನ್ನು ಗೂಗಲ್ ತೋರಿಸುವುದಿಲ್ಲ. ಕಂಡಷ್ಟೇ ಸಾಕು, ಕಲಿಯೋಕೆ ಬೇಕಾದಷ್ಟಿರುತ್ತದೆ.

ನಮ್ಮ ಅಂಗಡಿ ‘ಬೋರ್‌ವೆಲ್ ಮೋಟಾರ್’ ಎಂಬ ಕೀವರ್ಡನ್ನು ಬ್ರಾಡ್ ಮ್ಯಾಚ್‌ನಲ್ಲಿ ಹಾಕಿದೆ ಅಂದುಕೊಳ್ಳಿ. ಬ್ರಾಡ್ ಅಂದರೆ ಕೀವರ್ಡಿಗೆ ಸಂಬಂಧ ಇದೆ ಅಂತ ಗೂಗಲ್‌ಗೆ ಅನ್ನಿಸಿದ ಹುಡುಕಾಟಕ್ಕೆಲ್ಲ ತೋರಿಸುವ ಬಗೆ. ವರದಿಯಲ್ಲಿ ಇಂಥವು ಬರಬಹುದು: ‘ಮೋಟಾರ್ ಸುಟ್ಟಿದೆ ರಿಪೇರಿ ಚಿತ್ರದುರ್ಗ’, ‘ಬೋರ್ ಮೋಟಾರ್ ಎತ್ತುವವರು’, ‘5 ಎಚ್‌ಪಿ ಮೋಟಾರ್ ರೇಟು’, ‘ಸೋಲಾರ್ ಪಂಪ್‌ಸೆಟ್ ಸಬ್ಸಿಡಿ ಅರ್ಜಿ’, ‘ಸ್ಟಾರ್ಟರ್ ವೈರಿಂಗ್ ಮಾಡುವುದು ಹೇಗೆ’, ‘ಬೋರ್ ಪಾಯಿಂಟ್ ನೋಡುವವರು’. ಮೊದಲ ಎರಡು ನಮ್ಮ ಗಿರಾಕಿಗಳು. ಮೂರನೆಯವರು ಹೊಸದು ಕೊಳ್ಳುವ ಯೋಚನೆಯಲ್ಲಿದ್ದಾರೆ, ನಾವು ಮಾರುವುದಿಲ್ಲ ಅಂದರೆ ಬೇಡ. ಉಳಿದ ಮೂವರಿಗೂ ನಮ್ಮಿಂದ ಏನೂ ಆಗಬೇಕಿಲ್ಲ. ಅವರ ಕ್ಲಿಕ್ಕಿನ ಬೆಲೆ ಮಾತ್ರ ನಮ್ಮ ಮೇಲೆ ಬೀಳುತ್ತದೆ.

ಈಗ ಲೆಕ್ಕ ಹಾಕೋಣ. 100 ಕ್ಲಿಕ್, ಒಂದಕ್ಕೆ 12 ರೂಪಾಯಿ, ಒಟ್ಟು 1200. ಬಂದ ಕರೆ 5. ಒಂದು ಕರೆಗೆ 240 ರೂಪಾಯಿ. ಅದರಲ್ಲಿ 2 ಕೆಲಸ ಸಿಕ್ಕರೆ ಒಂದು ಕೆಲಸಕ್ಕೆ 600. ಬಿಡ್ ಕಡಿಮೆ ಮಾಡಿ ಕ್ಲಿಕ್ಕಿನ ಬೆಲೆಯನ್ನು ಶೇಕಡಾ 10 ಇಳಿಸಿದೆವು ಅನ್ನಿ. ಕರೆ ಕಡಿಮೆ ಆಗದಿದ್ದರೆ ಒಂದು ಕರೆಗೆ 216. ಅದರ ಬದಲು, 100ರಲ್ಲಿ 40 ಕ್ಲಿಕ್ ಸಬ್ಸಿಡಿ, ವೈರಿಂಗ್, ಪಾಯಿಂಟ್ ಹುಡುಕಿದವರದ್ದು ಅಂತ ಕಂಡು ಅವನ್ನು ತಡೆದೆವು. 60 ಕ್ಲಿಕ್, 720 ರೂಪಾಯಿ, ಅದೇ 5 ಕರೆ. ಒಂದು ಕರೆಗೆ 144, ಒಂದು ಕೆಲಸಕ್ಕೆ 360. ಬಿಡ್ ಮುಟ್ಟಲೇ ಇಲ್ಲ! ಈ ಕೆಲಸ ಮಾಡದೆ ಬಜೆಟ್ ಏರಿಸುವುದು ಒಡೆದ ಪೈಪಿಗೆ ದೊಡ್ಡ ಮೋಟಾರ್ ಇಟ್ಟಂತೆ.

ತಡೆಯೋಕೆ ಇರುವ ದಾರಿ ನೆಗೆಟಿವ್ ಕೀವರ್ಡ್. ‘ಸಬ್ಸಿಡಿ’, ‘ಅರ್ಜಿ’, ‘ವೈರಿಂಗ್’, ‘ಹೇಗೆ’, ‘ಕೋರ್ಸ್’, ‘ಕೆಲಸ ಖಾಲಿ’, ‘ಸೆಕೆಂಡ್ ಹ್ಯಾಂಡ್’, ‘ಇನ್ಶೂರೆನ್ಸ್’ ಹೀಗೆ. ಎರಡು ವಿಷಯ ಗಮನದಲ್ಲಿರಲಿ. ಒಂದು, ಸಾಮಾನ್ಯ ಕೀವರ್ಡಿಗೆ ಗೂಗಲ್ ಅದೇ ಅರ್ಥದ ಬೇರೆ ಪದಗಳನ್ನೂ ತಾನಾಗಿ ಹೊಂದಿಸುತ್ತದೆ, ಆದರೆ ನೆಗೆಟಿವ್‌ಗೆ ಹಾಗೆ ಮಾಡುವುದಿಲ್ಲ. ‘ಸಬ್ಸಿಡಿ’ ತಡೆದರೆ ‘ಸಹಾಯಧನ’ ನಿಲ್ಲುವುದಿಲ್ಲ, ಅದನ್ನೂ ಹಾಕಬೇಕು. ಎರಡು, ಆತುರದಲ್ಲಿ ಒಳ್ಳೆ ಗಿರಾಕಿಯನ್ನೇ ತಡೆದುಬಿಡಬೇಡಿ. ‘ರೇಟು’ ಪದವನ್ನು ಪೂರ್ತಿ ಮುಚ್ಚಿದರೆ ‘ರೀವೈಂಡಿಂಗ್ ರೇಟು’ ಅಂತ ಹುಡುಕಿದವರೂ ಹೋಗುತ್ತಾರೆ. ಅವರು ಕೆಲಸ ಮಾಡಿಸೋಕೆ ತಯಾರಾದವರು, ಅಲ್ವಾ?

ಮ್ಯಾಚ್, ಅಂದರೆ ಹುಡುಕಾಟವನ್ನು ಕೀವರ್ಡಿಗೆ ಹೊಂದಿಸುವ ಬಗೆ, ಮೂರು. ಬ್ರಾಡ್ ಎಲ್ಲಕ್ಕಿಂತ ಅಗಲ, ಫ್ರೇಸ್ ನಡುವಿನದು, ಎಕ್ಸಾಕ್ಟ್ ಕಿರಿದು. ಎಕ್ಸಾಕ್ಟ್ ಅಂದರೂ ಅದೇ ಅರ್ಥದ ಬೇರೆ ಮಾತಿಗೆ ತೋರಬಹುದು. ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿ ಬಜೆಟ್ ಇರುವ ಹೊಸ ಖಾತೆಗೆ ಫ್ರೇಸ್ ಮತ್ತು ಎಕ್ಸಾಕ್ಟ್‌ನಿಂದ ಶುರು ಮಾಡುವುದೇ ಸರಿ ಅಂತ ನನಗನ್ನಿಸುತ್ತದೆ. ಬ್ರಾಡ್ ಚೆನ್ನಾಗಿ ಓಡಬೇಕಾದರೆ ಹಿಂದೆ ಪರಿವರ್ತನೆಯ (ಕ್ಲಿಕ್ ಮಾಡಿದವರು ಕರೆ, ಆರ್ಡರ್ ಮಾಡಿದ್ದರ) ದಾಖಲೆ ಬೇಕು, ಹೊಸ ಖಾತೆಯಲ್ಲಿ ಅದು ಇರುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಸಂಗತಿ ಲಿಪಿ. ಒಬ್ಬರು ಕನ್ನಡದಲ್ಲೇ ಬರೆಯುತ್ತಾರೆ, ಒಬ್ಬರು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬರು ಪೂರ್ತಿ ಇಂಗ್ಲಿಷಿನಲ್ಲಿ. ಊರಿನ ಹೆಸರೂ ಒಂದೇ ಥರ ಇರುವುದಿಲ್ಲ. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ನಡುವೆ ಒಂದು ‘ಎ’ ಸೇರಿಸಿ ಬರೆಯುವವರೂ ಇದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ಬರೆಯುವ ಈ ಎಲ್ಲ ರೂಪಗಳನ್ನೂ ಬೇರೆ ಬೇರೆ ಕೀವರ್ಡ್ ಮಾಡಿ ಹಾಕಿ. ನೆಗೆಟಿವ್‌ಗೂ ಇದೇ ಮಾತು. ‘ಸಬ್ಸಿಡಿ’ ಕನ್ನಡದಲ್ಲಿ ತಡೆದು ಇಂಗ್ಲಿಷಿನಲ್ಲಿ ಬಿಟ್ಟರೆ ಸೋರಿಕೆ ನಿಲ್ಲಲ್ಲ.

ಎಲ್ಲಿ ತೋರಿಸಬೇಕು

ಸ್ಥಳ ಆರಿಸುವಾಗ ಜಿಲ್ಲೆಯ ಹೆಸರು ಟಿಕ್ ಮಾಡಿ ಮುಂದೆ ಹೋಗಬೇಡಿ. ರಿಪೇರಿಗೆ ಬರುವವರು ಜಿಲ್ಲೆಯ ಗಡಿ ನೋಡುವುದಿಲ್ಲ, ಗಾಡಿ ಎಷ್ಟು ಹೊತ್ತಿಗೆ ಬರುತ್ತೆ ಅಂತ ನೋಡುತ್ತಾರೆ. ಜಗಳೂರು ದಾವಣಗೆರೆ ಜಿಲ್ಲೆಗೆ ಸೇರಿದ್ದು, ಆದರೂ ಚಿತ್ರದುರ್ಗದ ಅಂಗಡಿಗೆ ಅಲ್ಲಿಂದ ಗಿರಾಕಿ ಬರಬಹುದು. ಮೊಳಕಾಲ್ಮೂರು ಅದೇ ಚಿತ್ರದುರ್ಗ ಜಿಲ್ಲೆಯಲ್ಲಿದ್ದರೂ ಬಳ್ಳಾರಿ ಕಡೆಗೆ ಹತ್ತಿರ. ಅಂಗಡಿಯಿಂದ ಇಷ್ಟು ಕಿಲೋಮೀಟರ್ ಸುತ್ತ ಅಂತ ವೃತ್ತ ಎಳೆಯುವ ಸೌಲಭ್ಯ ಇದೆ, ಇಂಥ ಕೆಲಸಕ್ಕೆ ಅದೇ ಒಳ್ಳೆಯದು.

ಸ್ಥಳದ ಆಯ್ಕೆಯ ಒಳಗೆ ಇನ್ನೊಂದು ಆಯ್ಕೆ ಅಡಗಿದೆ. ಆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ತೋರಿಸು ಎಂಬುದು ಅಲ್ಲಿ ಮೊದಲೇ ಆರಿಸಿರುತ್ತದೆ. ಕೋಟೆ ನೋಡೋಕೆ ಬರುವ ಯೋಚನೆಯಲ್ಲಿ ಮೈಸೂರಿನಿಂದ ಚಿತ್ರದುರ್ಗದ ಬಗ್ಗೆ ಹುಡುಕುವವರಿಗೂ ನಮ್ಮ ಮೋಟಾರ್ ಅಂಗಡಿಗೂ ಏನು ಸಂಬಂಧ? ‘ಅಲ್ಲಿ ಇರುವವರು’ ಎಂಬುದನ್ನು ಆರಿಸಿ. ಹಾಗೇ ಸರ್ಚ್ ಕ್ಯಾಂಪೇನ್ ಮಾಡುವಾಗ ಡಿಸ್‌ಪ್ಲೇ ನೆಟ್‌ವರ್ಕ್ ಎಂಬ ಟಿಕ್ ಇದ್ದರೆ ತೆಗೆಯಿರಿ. ಅದು ಹುಡುಕದೇ ಇರುವವರಿಗೂ ತೋರಿಸುವ ಜಾಗ.

ಜಾಹೀರಾತಿನ ಮಾತು, ಪುಟದ ಮಾತು

ಈಗಿರುವ ರೆಸ್ಪಾನ್ಸಿವ್ ಜಾಹೀರಾತಿಗೆ 30 ಅಕ್ಷರದೊಳಗಿನ 15 ತಲೆಬರಹ, 90 ಅಕ್ಷರದೊಳಗಿನ 4 ವಿವರಣೆ ಕೊಡಬಹುದು. ಒಮ್ಮೆಗೆ ಹೆಚ್ಚೆಂದರೆ 3 ತಲೆಬರಹ, 2 ವಿವರಣೆ ಕಾಣುತ್ತವೆ. ಯಾವುದರ ಜೊತೆ ಯಾವುದು ಅಂತ ಗೂಗಲ್ ಜೋಡಿಸುತ್ತದೆ. ಹಾಗಾಗಿ ಪ್ರತಿ ಸಾಲೂ ಒಂಟಿಯಾಗಿ ಓದಿದರೂ ಅರ್ಥ ಕೊಡಬೇಕು. ಕನ್ನಡದಲ್ಲಿ ಬರೆಯುವಾಗ ಜಾಗ ಬೇಗ ತುಂಬುತ್ತದೆ. ಕಂಪ್ಯೂಟರಿನ ಯೂನಿಕೋಡ್‌ನಲ್ಲಿ ಒತ್ತು, ಕಾಗುಣಿತ ಬೇರೆ ಬೇರೆಯಾಗಿ ದಾಖಲಾಗುತ್ತವೆ. ಪಕ್ಕದ ಎಣಿಕೆ ನೋಡಿಕೊಂಡೇ ಬರೆಯಿರಿ, ಒತ್ತಕ್ಷರ ಕಡಿಮೆ ಇರುವ ಪದ ಆರಿಸಿ.

‘ಉತ್ತಮ ಸೇವೆ, ನಂಬಿಕಸ್ಥ ಹೆಸರು’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಮೋಟಾರ್ ಎತ್ತುವ ಗಾಡಿ ಇದೆ’, ‘ರೀವೈಂಡಿಂಗ್‌ಗೆ ಗ್ಯಾರಂಟಿ’, ‘ಭಾನುವಾರವೂ ಬರುತ್ತೇವೆ’ ಅಂತ ಬರೆದರೆ ತಿಳಿಯುತ್ತದೆ. ಅದು ನಿಜವಾಗಿರಬೇಕು, ಅಷ್ಟೇ. ಬರೆಯುವಾಗ ಆಡ್ ಸ್ಟ್ರೆಂತ್ ಎಂಬ ಮಾಪಕ ‘ಇನ್ನೂ ಸುಧಾರಿಸಿ’ ಅನ್ನುತ್ತಿರುತ್ತದೆ. ಅದು ಸಲಹೆ ಮಾತ್ರ, ಹರಾಜಿನ ಭಾಗವಲ್ಲ.

ಕ್ಲಿಕ್ ಮಾಡಿದವರು ತಲುಪುವ ಪುಟದ ಬಗ್ಗೆ ನನಗೆ ಕಾಳಜಿ ಜಾಸ್ತಿ. ಹೊಲದಲ್ಲಿ ನಿಂತವರಿಗೆ ನೆಟ್‌ವರ್ಕ್ ಒಂದೊಂದು ಕಡ್ಡಿಯಷ್ಟೇ ಇರುತ್ತದೆ. ದೊಡ್ಡ ದೊಡ್ಡ ಫೋಟೋ ತುಂಬಿದ ಪುಟ ತೆರೆಯುವಷ್ಟರಲ್ಲಿ ಅವರು ಹಿಂದಕ್ಕೆ ಹೋಗಿ ಇನ್ನೊಬ್ಬರಿಗೆ ಕರೆ ಮಾಡಿರುತ್ತಾರೆ. ಪುಟ ಹಗುರ ಇರಲಿ. ಮೇಲೆಯೇ ಫೋನ್ ನಂಬರ್, ಒತ್ತಿದರೆ ಕರೆ ಹೋಗುವಂತಿರಲಿ. ಯಾವ ಯಾವ ಊರಿಗೆ ಬರುತ್ತೀರಿ ಅಂತ ಹೆಸರು ಹಾಕಿ: ಭರಮಸಾಗರ, ಹೊಳಲ್ಕೆರೆ, ಜಗಳೂರು. ಜಾಹೀರಾತಿನಲ್ಲಿ ರೀವೈಂಡಿಂಗ್ ಅಂತ ಹೇಳಿ, ಪುಟದಲ್ಲಿ ಫ್ಯಾನ್, ಮಿಕ್ಸಿ, ಮೋಟಾರ್ ಎಲ್ಲ ಸೇರಿದ ಮುಖಪುಟ ತೋರಿಸಬೇಡಿ.

ಕರೆಯನ್ನು ಎಣಿಸುವುದು

ಕ್ಲಿಕ್ ಎಷ್ಟು ಬಂತು ಎನ್ನುವುದು ಫಲಿತಾಂಶ ಅಲ್ಲ. ಕರೆ ಬಂತಾ, ಕೆಲಸ ಸಿಕ್ಕಿತಾ ಎನ್ನುವುದು ಫಲಿತಾಂಶ. ಕರೆಯನ್ನು ಪರಿವರ್ತನೆ ಅಂತ ಎಣಿಸುವಾಗ ಎಷ್ಟು ಸೆಕೆಂಡ್ ಮೀರಿದ ಕರೆ ಲೆಕ್ಕಕ್ಕೆ ಬರಬೇಕು ಅಂತ ನಾವೇ ಹೇಳಬಹುದು. ಹತ್ತು ಸೆಕೆಂಡಿನ ರಾಂಗ್ ನಂಬರ್ ಕೂಡ ಗೆಲುವು ಅಂತ ಎಣಿಸಿದರೆ ಗೂಗಲ್ ಅಂಥವರನ್ನೇ ಹೆಚ್ಚು ಹುಡುಕಿ ತರುತ್ತದೆ. ಅಂಗಡಿಯವರಿಗೆ ಒಂದು ನೋಟ್‌ಬುಕ್ ಇಡೋಕೆ ಹೇಳಿ. ತಾರೀಕು, ಊರು, ಏನು ಕೇಳಿದರು, ಕೆಲಸ ಆಯಿತಾ ಇಲ್ವಾ, ಇಷ್ಟು ಸಾಕು. ಖಾತೆಯ ಅಂಕಿಗಳನ್ನು ಈ ಪುಸ್ತಕದ ಜೊತೆ ಹೋಲಿಸಿದಾಗಲೇ ಯಾವ ಕೀವರ್ಡ್ ಊಟ ಹಾಕುತ್ತಿದೆ ಅಂತ ತಿಳಿಯುತ್ತದೆ. ಫೋನ್ ಎತ್ತುವವರು ಇಲ್ಲದ ಹೊತ್ತಿನಲ್ಲಿ ಜಾಹೀರಾತು ನಿಲ್ಲಿಸಿ, ಅದಕ್ಕೆ ವೇಳಾಪಟ್ಟಿ ಇದೆ.

ದುಡ್ಡಿನ ವಿಷಯದಲ್ಲಿ ಅಂಗಡಿಯವರಿಗೆ ಮೊದಲೇ ತಿಳಿಸಿ. ದಿನದ ಬಜೆಟ್ 300 ಇಟ್ಟರೆ ಒಂದು ದಿನ 600ರವರೆಗೂ ಹೋಗಬಹುದು. ತಿಂಗಳಿಗೆ 300ರ 30.4 ಪಟ್ಟು, ಅಂದರೆ 9120 ಮೀರುವುದಿಲ್ಲ. ಇದರ ಮೇಲೆ ಶೇಕಡಾ 18 ಜಿಎಸ್‌ಟಿ. ಮುಂಗಡ ಹಾಕುವ ಖಾತೆಗೆ 1000 ಹಾಕಿದರೆ ಜಾಹೀರಾತಿಗೆ ಉಳಿಯುವುದು ಸುಮಾರು 847.

ಕೊನೆಗೆ ಬಿಡ್

ಪದ, ಸ್ಥಳ, ಪುಟ, ಎಣಿಕೆ ಇಷ್ಟೂ ಸರಿ ಆದ ಮೇಲೆ ಬಿಡ್‌ಗೆ ಬನ್ನಿ. ಇಂಪ್ರೆಶನ್ ಶೇರ್ ಎಂಬ ಅಂಕಿ ನೋಡಿ. ನಮ್ಮ ಜಾಹೀರಾತು ಕಾಣಬಹುದಾಗಿದ್ದ ಸಲಗಳಲ್ಲಿ ಎಷ್ಟು ಸಲ ಕಂಡಿತು ಅಂತ ಅದು ಹೇಳುತ್ತದೆ. ತಪ್ಪಿದ್ದು ಬಜೆಟ್‌ನಿಂದಲೋ ರ‍್ಯಾಂಕ್‌ನಿಂದಲೋ ಅಂತಲೂ ಹೇಳುತ್ತದೆ (ರ‍್ಯಾಂಕ್ ಅಂದರೆ ಬಿಡ್ ಮತ್ತು ಗುಣಮಟ್ಟ ಸೇರಿ ಹರಾಜಿನಲ್ಲಿ ಸಿಗುವ ಸ್ಥಾನ). ಬಜೆಟ್‌ನಿಂದ ಅಂದರೆ, ದುಡ್ಡು ಸೇರಿಸಿ ಅಥವಾ ವೃತ್ತ ಚಿಕ್ಕದು ಮಾಡಿ. ರ‍್ಯಾಂಕ್‌ನಿಂದ ಅಂದರೆ, ಜಾಹೀರಾತು ಮತ್ತು ಪುಟ ತಿದ್ದಿ, ಆಮೇಲೆ ಬಿಡ್. ಕರೆಗಳ ದಾಖಲೆ ಒಂದಷ್ಟು ಸೇರಿದ ಮೇಲೆ ಪರಿವರ್ತನೆ ನೋಡಿ ಬಿಡ್ ಹಾಕುವ ಸ್ವಯಂಚಾಲಿತ ವಿಧಾನಕ್ಕೆ ಹೋಗಬಹುದು. ಹೋದ ಮೇಲೆ ಸುಮ್ನೆ ದಿನಾ ಕೈ ಹಾಕಬೇಡಿ, ಅದಕ್ಕೆ ಕಲಿಯೋಕೆ ಸಮಯ ಬೇಕು.

ಇದೆಲ್ಲ ಮೋಟಾರ್ ಅಂಗಡಿಯ ಮಾತು. ಅದೇ ಜಿಲ್ಲೆಯಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಇರುವ ಮೊಳಕಾಲ್ಮೂರು ರೇಷ್ಮೆ ಸೀರೆ ಮಾರುವವರಿಗೆ ಸ್ಥಳದ ಲೆಕ್ಕ ತಿರುಗುಮುರುಗು. ಕೊರಿಯರ್ ಮಾಡುವುದಾದರೆ ಅವರ ಗಿರಾಕಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾರೆ, ಊರ ಸುತ್ತ ವೃತ್ತ ಎಳೆದರೆ ಅವರನ್ನೇ ಕಳೆದುಕೊಂಡಂತೆ. ಅಲ್ಲಿ ಕರೆಗಿಂತ ಆರ್ಡರ್ ಎಣಿಸಬೇಕು, ಫೋಟೋ ಇರಲೇಬೇಕು. ಸೀರೆ ಕೊಳ್ಳುವವರು ಒಂದೇ ಹುಡುಕಾಟದಲ್ಲಿ ತೀರ್ಮಾನಿಸುವುದಿಲ್ಲವಾದ್ದರಿಂದ ಮೊದಲ ವಾರದ ಅಂಕಿ ನೋಡಿ ನಿಲ್ಲಿಸುವಂತೆಯೂ ಇಲ್ಲ. ಹುಡುಕಿದ ಪದಗಳ ಪಟ್ಟಿ ಓದುವ ಕೆಲಸ ಮಾತ್ರ ಇಬ್ಬರಿಗೂ ಒಂದೇ. ಮೋಟಾರಿನವರು ‘ಸಬ್ಸಿಡಿ’ ತಡೆದ ಹಾಗೆ, ಸೀರೆಯವರು ‘ಬಾಡಿಗೆಗೆ’, ‘ಡ್ರೈಕ್ಲೀನಿಂಗ್’, ‘ಸೀರೆ ಉಡುವುದು ಹೇಗೆ’ ತಡೆಯಬೇಕಾಗುತ್ತದೆ.