ಪಿತ್ತಾಶ್ಮರಿ: ಯಾವ ಪಿತ್ತ, ಎಲ್ಲಿಯ ಕಲ್ಲು?

ಮೊನ್ನೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರು ಫೋನಿನಲ್ಲಿ ಹೇಳುತ್ತಿದ್ದರು: "ಅಕ್ಕಂಗೆ ಪಿತ್ತದ ಕಲ್ಲಡ. ಬಾಳೆದಿಂಡಿನ ರಸ ಕುಡ್ಸು, ಮೂತ್ರದಲ್ಲಿ ಹೋಗ್ತು." ಇದೇ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಇನ್ನು ಸುಮ್ಮನಿರಲಾಗದು.

ನಮ್ಮ ಮನೆಗಳಲ್ಲಿ ಪಿತ್ತವೆಂದರೆ ಹುಳಿತೇಗು, ತಲೆಸುತ್ತು. ಅದಕ್ಕೊಂದು ಲೋಟ ಮುರುಗಲು ಪಾನಕ. ಆಯುರ್ವೇದದ ಪಿತ್ತ ಮೂರು ದೋಷಗಳಲ್ಲೊಂದು. ಕಲ್ಲು ಕಟ್ಟುವ ಪಿತ್ತ ಇವೆರಡೂ ಅಲ್ಲ. ಅದನ್ನು ಕಾಣಬೇಕಾದರೆ ಕಾರವಾರದ ಕಡೆ ಮೀನು ಹೆಚ್ಚುವವರ ಪಕ್ಕ ಕೂರಬೇಕು. ಹೊಟ್ಟೆ ಸೀಳಿದಾಗ ಯಕೃತ್ತಿಗೆ ಅಂಟಿಕೊಂಡ ಹಸಿರು ಚೀಲವೊಂದು ಸಿಗುತ್ತದೆ. ಅವರು ಅದನ್ನು ಒಡೆಯದಂತೆ ಬೆರಳಿನಿಂದ ಮೆಲ್ಲಗೆ ಬಿಡಿಸುತ್ತಾರೆ; ಒಡೆದರೆ ರಸ ತಾಗಿದ ತುಂಡೆಲ್ಲ ಕಹಿ. ನಮ್ಮ ಪಿತ್ತಕೋಶದಲ್ಲಿರುವುದೂ ಅಂಥದೇ ರಸ.

ಗೊಂದಲದ ಬೇರು 'ಅಶ್ಮರಿ'ಯಲ್ಲಿದೆ. ಅಶ್ಮ ಎಂದರೆ ಕಲ್ಲು. ಸುಶ್ರುತ ಸಂಹಿತೆಯ ಅಶ್ಮರಿ ಮೂತ್ರಾಶಯದ ಕಲ್ಲು. ವಾತ, ಪಿತ್ತ, ಕಫ, ಶುಕ್ರ ಎಂದು ಅದರಲ್ಲಿ ನಾಲ್ಕು ಬಗೆ. ಅಂದರೆ ಅಲ್ಲಿ ಪಿತ್ತದಿಂದಾದ ಅಶ್ಮರಿಯೂ ಮೂತ್ರದ ದಾರಿಯದ್ದೇ! ಈಗ ನಾವು ಅದೇ ಎರಡು ಪದ ಜೋಡಿಸಿ ಗಾಲ್‌ಸ್ಟೋನಿಗೆ 'ಪಿತ್ತಾಶ್ಮರಿ' ಎನ್ನುತ್ತಿದ್ದೇವೆ. 'ಪಿತ್ತಕೋಶದ ಕಲ್ಲು' ಎನ್ನಿ, ಸಾಕು. ಆ 'ಕೋಶ'ವನ್ನು ಮಾತ್ರ ನುಂಗಬೇಡಿ.

ಪಿತ್ತಕೋಶದಿಂದ ಹೊರಟದ್ದು ಪಿತ್ತನಾಳದಲ್ಲಿ ಇಳಿದು ಸಣ್ಣಕರುಳಿಗೆ ಸೇರುತ್ತದೆ. ಮೂತ್ರಕ್ಕೆ ಆ ದಾರಿಯೇ ಇಲ್ಲ, ದಿಂಡಿನ ರಸ ಕೊಡಗಟ್ಟಲೆ ಕುಡಿದರೂ. ಕಲ್ಲು ನಾಳದಲ್ಲಿ ಸಿಕ್ಕಿಕೊಂಡು ಕಣ್ಣು ಹಳದಿಯಾಗಿ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪಿತ್ತದ ಈ ಕಲ್ಲುಗಳಲ್ಲಿ ಬಗೆಗಳು ಮುಖ್ಯವಾಗಿ ಎರಡು. ಕೊಲೆಸ್ಟ್ರಾಲ್ ಹೆಪ್ಪುಗಟ್ಟಿದ್ದು ಸಾಮಾನ್ಯವಾಗಿ ಹಳದಿ. ಬಿಲಿರುಬಿನ್ ಎಂಬ ಬಣ್ಣದಿಂದಾದದ್ದು ಕಪ್ಪು ಇಲ್ಲವೇ ಕಂದು: ಕೆಂಪು ರಕ್ತಕಣ ಬೇಗ ಒಡೆಯುವವರಲ್ಲಿ, ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ರೋಗ) ಇದ್ದವರಲ್ಲಿ ಕಪ್ಪು, ಪಿತ್ತನಾಳಕ್ಕೆ ಸೋಂಕು ತಗುಲಿದ್ದರೆ ಕಂದು.

"ಎಕ್ಸ್‌ರೇಲಿ ಏನೂ ಇಲ್ಯಡ" ಎಂದು ನೆಮ್ಮದಿಪಡುವವರೂ ಇದ್ದಾರೆ. ಪಿತ್ತಕೋಶದ ಕಲ್ಲುಗಳಲ್ಲಿ ಹೆಚ್ಚಿನವು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಬೇಕಾದದ್ದು ಅಲ್ಟ್ರಾಸೌಂಡ್, ಅದೂ 6ರಿಂದ 8 ತಾಸು ಉಪವಾಸವಿದ್ದು. ಉಂಡರೆ ಚೀಲ ಮುದುಡುತ್ತದೆ. ಪರದೆಯ ಮೇಲೆ ಕಲ್ಲು ಬೆಳ್ಳಗೆ ಹೊಳೆದು, ಹಿಂದೆ ಕಪ್ಪು ನೆರಳು ಬೀಳುತ್ತದೆ. ಮಗ್ಗುಲು ಬದಲಿಸಿದರೆ ಸಾಮಾನ್ಯವಾಗಿ ಉರುಳುತ್ತದೆ. ನಾಳಕ್ಕೆ ಜಾರಿದ ಕಲ್ಲು ಇದರಲ್ಲಿ ತಪ್ಪಿಹೋಗಬಹುದು. ಆ ಅನುಮಾನವಿದ್ದರೆ ರಕ್ತಪರೀಕ್ಷೆ, ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ) ಸ್ಕ್ಯಾನ್.

ರಿಪೋರ್ಟ್ ಕೈಗೆ ಬಂದಾಗ ಪದ ನೋಡಿ. 'ಕೋಲಿಲಿಥಿಯಾಸಿಸ್' ಎಂದಿದ್ದರೆ ಪಿತ್ತಕೋಶದ ಕಲ್ಲು, 'ಕೋಲಿಡೋಕೋಲಿಥಿಯಾಸಿಸ್' ಎಂದಿದ್ದರೆ ಪಿತ್ತನಾಳದ್ದು. ಕಿಡ್ನಿಯದ್ದಾದರೆ 'ನೆಫ್ರೋಲಿಥಿಯಾಸಿಸ್' ಎಂದಿರುತ್ತದೆ.